ಬೆಳಗಿನ ಚೂರು

ಬಂದವಳೇ ಕೈತೊಳೆದು, ಕೂದಲು ಕಾಣದಂತೆ ಬಿಳಿ ಟೊಪ್ಪಿ ಹಾಕಿ, ಮೇಜಿನ ಖಾನೆಯಿಂದ ಪುಟ್ಟ ಡಬ್ಬಿ ತೆಗೆದು, ಅದರೊಳಗಿನ ಗಾಜಿನ ಚೂರನ್ನು ಚಿಮಟದಲ್ಲಿ ಎತ್ತಿ ಹಿಡಿದಳು. ಎಳ್ಳಿಗಿಂತ ತುಸು ದೊಡ್ಡದು. ಓರೆಯಾಗಿ ಹಿಡಿದರೆ ತಿಳಿಹಸಿರು, ನೇರವಾಗಿ ಹಿಡಿದರೆ ನಸುಗೆಂಪು. ಆ ಬಣ್ಣಗಳಿಗೆ ಏನೂ ಅರ್ಥವಿಲ್ಲ. ಅದು ಯಾವ ಬೆಳಕಿಗಾಗಿ ಹುಟ್ಟಿದೆಯೋ ಆ ಬೆಳಕು ಮನುಷ್ಯರ ಕಣ್ಣಿಗೆ ಕಾಣುವುದಿಲ್ಲ. ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯೊಳಗೆ ಹತ್ತಾರು ಬೆಳಕುಗಳು ಒಟ್ಟಿಗೇ ಓಡಿಬರುತ್ತವೆ, ಒಂದೊಂದರ ಬೆನ್ನ ಮೇಲೂ ಯಾರದೋ ಮಾತು, ಯಾರದೋ ಚಿತ್ರ. ಬೆಳಕು ಸೋಸುವ ಈ ಫಿಲ್ಟರ್ ತನ್ನ ಪಾಲಿನ ಒಂದನ್ನು ಮಾತ್ರ ಒಳಗೆ ಬಿಟ್ಟುಕೊಂಡು ಮಿಕ್ಕ ಎಲ್ಲವನ್ನೂ ಹೊಸ್ತಿಲಿನಿಂದಲೇ ಹಿಂದಕ್ಕೆ ಕಳಿಸಬೇಕು. ಕಳಿಸುತ್ತದೋ ಇಲ್ಲವೋ ಎಂದು ಅಳೆದು ನೋಡುವುದು ಅವಳ ಕೆಲಸ. ಏಳು ವರ್ಷದಿಂದ ಕಾಣದ ಬೆಳಕನ್ನು ಅಳೆಯುತ್ತಿದ್ದಾಳೆ.

ಅಳೆಯುವ ಕೋಣೆಯಲ್ಲಿ ಒಂದು ಪದ್ಧತಿಯಿತ್ತು. ದಿನದ ಮೊದಲ ಫಿಲ್ಟರನ್ನು ಮುಟ್ಟುವ ಮುನ್ನ ಪ್ರತಿಯೊಬ್ಬರೂ ತಮಗೆ ಚೆನ್ನಾಗಿ ಗೊತ್ತಿರುವ ಒಂದು ಚೂರನ್ನು ಅಳೆಯಬೇಕು. ಪರದೆಯ ಮೇಲೆ ಅದರ ಗೆರೆ ನಿನ್ನೆಯ ಗೆರೆಯ ಮೇಲೆಯೇ ಕೂತರೆ ಯಂತ್ರ ಸರಿಯಿದೆ ಎಂದರ್ಥ. ಅದಕ್ಕೆ ಬೆಳಗಿನ ಚೂರು ಎನ್ನುತ್ತಿದ್ದರು. ಉಳಿದವರ ಚೂರುಗಳು ಉಗ್ರಾಣದಿಂದ ಬಂದವು. ಅವಳದ್ದನ್ನು ಅವಳ ಗಂಡ ಕೊಟ್ಟಿದ್ದ. ಕೆಳಗಿನ ಕೋಟಿಂಗ್ ರೂಮಿನಲ್ಲಿ, ಗಾಳಿಯನ್ನೆಲ್ಲ ಹೀರಿ ತೆಗೆದ ಉಕ್ಕಿನ ಗೂಡಿನೊಳಗೆ, ಗಾಜಿನ ಮೇಲೆ ನೂರಕ್ಕೂ ಹೆಚ್ಚು ಪದರಗಳನ್ನು ಒಂದರ ಮೇಲೊಂದು ಕೂರಿಸುವವನು ಅವನೇ. ‘ನಾನು ಮಾಡಿದ್ರಲ್ಲಿ ಇದರಷ್ಟು ಚೆನ್ನಾಗಿ ಬಂದದ್ದು ಇನ್ನೊಂದಿಲ್ಲ. ಲೆಕ್ಕಕ್ಕಿಂತ ಒಂದು ಹೆಚ್ಚಿಗೆ ಇತ್ತು, ನಿನಗೇ ಅಂತ ಎತ್ತಿಟ್ಟೆ’ ಎಂದು ಹೇಳಿ ಕೊಟ್ಟಿದ್ದ. ಅದರ ಗೆರೆ ಅವಳಿಗೆ ಬಾಯಿಪಾಠ: ನೆತ್ತಿ ಸಮತಟ್ಟು, ಎಡ ಅಂಚಿನಲ್ಲಿ ಒಂದು ಸಣ್ಣ ಕುಳಿ, ಕುಳಿಯ ಪಕ್ಕ ಒಂದು ದೊಡ್ಡ ಉಬ್ಬು, ಒಂದು ಚಿಕ್ಕ ಉಬ್ಬು. ಹತ್ತು ತಿಂಗಳ ಹಿಂದೆ ಅವನು ಬಸ್ಸಿನಲ್ಲಿ ಕೂತಲ್ಲೇ ತೀರಿಕೊಂಡ. ನಿದ್ದೆ ಬಂದಿರಬೇಕೆಂದು ಯಾರೂ ಎಬ್ಬಿಸದೆ, ಬಸ್ಸು ಕೊನೆಯ ನಿಲ್ದಾಣದವರೆಗೂ ಅವನನ್ನು ಹೊತ್ತು ಹೋಗಿತ್ತು. ಆಮೇಲೆ ಅವಳು ಕೆಲಸಕ್ಕೆ ಬಂದ ಮೊದಲ ದಿನ ಕೋಣೆಯಲ್ಲಿದ್ದವರೆಲ್ಲ ಅವಳು ಅತ್ತುಬಿಡುತ್ತಾಳೆಂದು ಹೆದರಿ ಪರದೆಗಳಲ್ಲಿ ಮುಖ ಹುದುಗಿಸಿದ್ದರು. ಅವಳು ಡಬ್ಬಿ ತೆರೆದು ಚೂರನ್ನು ಅಳೆದಳು. ಗೆರೆ ಹಳೆಯ ಗೆರೆಯ ಮೇಲೆಯೇ ಕೂತಿತು. ಸಮಾಧಾನವಾಯಿತು, ಸಮಾಧಾನವಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಇವತ್ತೂ ಕೂತಿತು.

‘ಅಕ್ಕಾ, ದೊಡ್ಡವರು ಎರಡು ಸಲ ಬಂದು ನಿಮ್ಮ ಕುರ್ಚಿ ನೋಡ್ಕೊಂಡು ಹೋದ್ರು’ ಎಂದಳು ಪಕ್ಕದ ಮೇಜಿನವಳು. ‘ಕುರ್ಚಿಗೇನಾದ್ರೂ ಕೊಂಬು ಬಂದಿದೆಯಾ ಅಂತ ನಾನೂ ಬಗ್ಗಿ ನೋಡ್ದೆ. ಏನಿಲ್ಲಪ್ಪ.’

ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ದೊಡ್ಡವರು ಎನ್ನುತ್ತಿದ್ದರು. ಆಸಾಮಿ ಐದಡಿಯೂ ಇರಲಿಲ್ಲ. ಅವಳು ಹೋದಾಗ ಅವರ ಮೇಜಿನ ಮೇಲೆ ಹರಿದ ಲಕೋಟೆಯೊಂದಿತ್ತು. ಅದರ ಪಕ್ಕ ಪಾರದರ್ಶಕ ತಟ್ಟೆಯಲ್ಲಿ ಹನ್ನೆರಡು ಚೂರುಗಳು, ಹಾಲುಹಲ್ಲುಗಳ ಹಾಗೆ. ‘ಕೂತ್ಕೊಳ್ಳಮ್ಮ’ ಎಂದವರು ಅವಳ ಮುಖ ನೋಡದೆ ತಟ್ಟೆಯನ್ನು ಸ್ವಲ್ಪ ಬಲಕ್ಕೆ, ಆಮೇಲೆ ಸ್ವಲ್ಪ ಎಡಕ್ಕೆ ಸರಿಸಿದರು. ‘ಕೊಂಡವರಿಂದ ವಾಪಸ್ ಬಂದಿವೆ. ಮಧ್ಯಾಹ್ನ ಬಿಸಿಲೇರಿದ್ರೆ ಸಾಕು, ಇವುಗಳ ಗೆರೆ ಜಾಗ ಬಿಟ್ಟು ಜಾರುತ್ತಂತೆ. ಒಬ್ಬರ ಬೆಳಕು ಇನ್ನೊಬ್ಬರ ದಾರಿಗೆ ನುಗ್ಗಿ, ಅಲ್ಲಿ ಎಲ್ಲ ಕಲಸುಮೇಲೋಗರ. ಇವನ್ನ ಬಿಸಿ ಮಾಡಿ ಅಳೆದೇ ಇಲ್ಲ ಅಂತಾರೆ ಅವರು. ನಮ್ಮ ದಾಖಲೆ ನೋಡಿದ್ರೆ ಹನ್ನೆರಡೂ ಬಿಸಿಯಲ್ಲಿ ಪಾಸಾಗಿವೆ. ಅಳೆದವರ ಜಾಗದಲ್ಲಿ ನಿಮ್ಮ ಹೆಸರಿದೆ.’

ಎಲ್ಲಿಯಾದರೂ ತಪ್ಪಾಗಿದೆ ಎಂದರೆ ಅದು ತನ್ನದೇ ಇರಬೇಕು ಎಂದುಕೊಳ್ಳುವುದು ಅವಳಿಗೆ ಚಿಕ್ಕಂದಿನಿಂದ ಬಂದ ರೋಗ. ಶಾಲೆಯಲ್ಲಿ ಯಾರದೋ ಪೆನ್ನು ಕಳೆದರೆ ಇವಳ ಕಿವಿ ಕೆಂಪಾಗುತ್ತಿತ್ತು.

‘ಸಂಜೆ ನಾಲ್ಕಕ್ಕೆ ಉತ್ತರ ಹೋಗ್ಬೇಕು. ಅಳೆಯೋರ ಕಣ್ತಪ್ಪು, ಅವರನ್ನ ಆ ಕೆಲಸದಿಂದ ಬದಲಾಯಿಸಿದ್ದೀವಿ ಅಂತ ಬರೆದಿದ್ದೀನಿ. ನಾಳೆಯಿಂದ ನೀವು ಪ್ಯಾಕಿಂಗಿಗೆ ಹೋಗಿ. ಅಲ್ಲಿ ತಲೆನೋವಿಲ್ಲ. ಶುಕ್ರವಾರ ಕೋಟಿಂಗ್ ರೂಮಿನಲ್ಲಿ ನಿಮ್ಮ ಯಜಮಾನರ ಫೋಟೋ ಬೇರೆ ಹಾಕ್ತಿದ್ದೀವಿ, ನಿಮ್ಮತ್ತೆನೂ ಬರ್ತಾರೆ. ಅಷ್ಟರೊಳಗೆ ಈ ಗಲೀಜು ಮುಗಿದಿರಲಿ ಅಂತ.’

‘ನಾಲ್ಕು ಗಂಟೆವರೆಗೆ ಸಮಯ ಕೊಡಿ ಸರ್. ಹಳೇ ಗೆರೆಗಳನ್ನ ನೋಡ್ತೀನಿ.’

‘ನೋಡಿ ಏನು ಮಾಡ್ತೀರಿ?’ ಎಂದರು. ಆಮೇಲೆ, ‘ನೋಡಿ’ ಎಂದರು.

ಮೇಜಿಗೆ ಮರಳುವ ಇಪ್ಪತ್ತು ಹೆಜ್ಜೆಗಳಲ್ಲಿ ಅವಳು ತನ್ನ ತಪ್ಪನ್ನು ಹುಡುಕಿಕೊಂಡೂ ಆಗಿತ್ತು. ಎರಡು ವರ್ಷದ ಹಿಂದಿನ ಚೂರುಗಳು ಅವು. ಮಗು ಹೋದ ಸಮಯ. ಬಸಿರಿನ ಐದನೆಯ ತಿಂಗಳಿನಲ್ಲಿ ಹೋಯಿತು. ಆ ದಿನಗಳಲ್ಲಿ ಅವಳು ಹಾಲಿಗೆ ಉಪ್ಪು ಹಾಕಿದ್ದಳು, ಬಾಗಿಲಿಗೆ ಬೀಗ ಹಾಕದೆ ಬಂದಿದ್ದಳು. ಚೂರುಗಳನ್ನು ಓವನ್ನಿನಲ್ಲಿಟ್ಟು ಅದನ್ನು ಹಚ್ಚುವುದನ್ನೇ ಮರೆತಿರಬಹುದು. ಮರೆತಿದ್ದರೆ ಯಾವುದೋ ಕಾಣದ ಊರಿನಲ್ಲಿ ಎರಡು ವರ್ಷ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬಿದ್ದದ್ದು ತನ್ನಿಂದ. ಪ್ಯಾಕಿಂಗಿನ ಕೋಣೆಯಲ್ಲಿ ಕಿಟಕಿಗಳಿಲ್ಲ, ಅಲ್ಲಿಯವರು ದಿನವಿಡೀ ಡಬ್ಬಿಯೊಳಗೆ ಡಬ್ಬಿ ಇಡುತ್ತಾರೆ. ಸರಿಯಾಗಿದೆ ಎನಿಸಿತು. ಹಾಗೆ ಅನಿಸಿದ್ದರಲ್ಲಿ ಒಂದು ಬಗೆಯ ಸುಖವೂ ಇತ್ತು, ಹುಣ್ಣನ್ನು ನಾಲಿಗೆಯಿಂದ ಮುಟ್ಟಿದ ಹಾಗೆ.

ಹಳೆಯ ದಾಖಲೆ ತೆರೆದಳು. ಮೊದಲ ಗೆರೆ ಪರದೆಯ ಮೇಲೆ ಏಳುತ್ತಿದ್ದಂತೆ, ಗುಂಪಿನಲ್ಲಿ ಪರಿಚಿತರೊಬ್ಬರು ಹಾದುಹೋದಂತಾಗಿ ತಲೆಯೆತ್ತಿದಳು. ಸಮತಟ್ಟು ನೆತ್ತಿ. ಎಡ ಅಂಚಿನಲ್ಲಿ ಕುಳಿ. ದೊಡ್ಡ ಉಬ್ಬು, ಚಿಕ್ಕ ಉಬ್ಬು. ಎರಡನೆಯದನ್ನು ತೆರೆದಳು, ಮೂರನೆಯದನ್ನು, ಆಮೇಲೆ ಹನ್ನೆರಡನ್ನೂ ಒಂದೇ ಪರದೆಯ ಮೇಲೆ ಹಾಕಿದಳು. ಹನ್ನೆರಡು ಫಿಲ್ಟರುಗಳಿಗೆ ಹನ್ನೆರಡು ಮುಖಗಳಿರಬೇಕು. ಒಂದೇ ಗೂಡಿನಲ್ಲಿ ಹುಟ್ಟಿದರೂ ಒಂದರಂತೆ ಇನ್ನೊಂದಿರುವುದಿಲ್ಲ. ಇಲ್ಲಿ ಒಂದೇ ಮುಖವಿತ್ತು. ಒಬ್ಬನೇ ಮನುಷ್ಯ ಹನ್ನೆರಡು ಸಲ ಹಾಕಿದ ಸಹಿಯಂತೆ, ಕೂದಲೆಳೆಯ ವ್ಯತ್ಯಾಸ ಬಿಟ್ಟರೆ ಎಲ್ಲ ಒಂದೇ. ಅವಳು ಬೆಳಗಿನ ಚೂರಿನ ಇವತ್ತಿನ ಗೆರೆಯನ್ನು ತಂದು ಹದಿಮೂರನೆಯದಾಗಿ ಅವುಗಳ ಮೇಲೆ ಇಟ್ಟಳು. ಅದು ತನ್ನ ಹಾಸಿಗೆಯಲ್ಲಿ ತಾನು ಮಲಗಿದಂತೆ ಮಲಗಿತು.

ಒಂದೇ ಒಳ್ಳೆಯ ಚೂರನ್ನು ಹನ್ನೆರಡು ಸಲ ಅಳೆದು ಹನ್ನೆರಡು ಕೆಟ್ಟ ಚೂರುಗಳ ನಂಬರು ಹಾಕಿದ್ದಾರೆ. ಆ ಚೂರು ಎರಡು ವರ್ಷದಿಂದ ತನ್ನ ಖಾನೆಯಲ್ಲಿದೆ.

ಆಮೇಲಷ್ಟೇ ತಾರೀಖು ನೋಡಿದಳು. ಆ ತಾರೀಖನ್ನು ಬೇರೆಲ್ಲಿ ಕಂಡರೂ ಅವಳು ಕಣ್ಣು ತಪ್ಪಿಸುತ್ತಿದ್ದಳು. ಇಲ್ಲಿ ಅದು ಹನ್ನೆರಡು ಸಾಲಿನಲ್ಲಿ ಹನ್ನೆರಡು ಸಲ ಇತ್ತು. ಆ ದಿನ ಅವಳು ಆಸ್ಪತ್ರೆಯ ಹಸಿರು ಬಣ್ಣದ ಕೋಣೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಗೋಡೆಯಲ್ಲಿ ಬಣ್ಣ ಕಿತ್ತ ಜಾಗವೊಂದು ಓಡುವ ನಾಯಿಯ ಹಾಗೆ ಕಾಣುತ್ತಿತ್ತು. ‘ಎಲ್ಲಿ ಇವರು?’ ಎಂದು ಎಷ್ಟು ಸಲ ಕೇಳಿದಳೋ. ‘ಬರ್ತಾನೆ ಕಣೇ, ಪಂಪು ಕೆಟ್ಟಿದೆಯಂತೆ, ಮಧ್ಯದಲ್ಲಿ ಬಿಟ್ಟು ಬಂದ್ರೆ ಗೂಡಿನಲ್ಲಿರೋದೆಲ್ಲ ಹಾಳಾಗುತ್ತಂತೆ’ ಎನ್ನುತ್ತಿದ್ದರು ಅತ್ತೆ. ಗೂಡಿನಲ್ಲಿರೋದೆಲ್ಲ ಹಾಳಾಗುತ್ತೆ ಎಂಬ ಮಾತು ಆಡಿದ ಮೇಲೆ ಅತ್ತೆಗೇ ಹೇಗೋ ಆಗಿ ಅವಳ ಕಾಲು ಒತ್ತತೊಡಗಿದ್ದರು. ಹನ್ನೊಂದೂವರೆಯ ಸುಮಾರಿಗೆ ಡಾಕ್ಟರು ಬಂದು, ಇನ್ನು ಕಾಯುವುದರಲ್ಲಿ ಅರ್ಥವಿಲ್ಲ ಎಂದರು. ಅತ್ತೆ ಫೋನು ಹಿಡಿದು ಹೊರಗಿನ ಪಡಸಾಲೆಗೆ ಹೋದರು. ಬಾಗಿಲು ಪೂರ್ತಿ ಮುಚ್ಚಿಕೊಂಡಿರಲಿಲ್ಲ. ‘ಇಲ್ಲಪ್ಪ, ಉಳಿಯಲ್ಲವಂತೆ’ ಎಂದದ್ದು ಕೇಳಿಸಿತ್ತು.

ದಾಖಲೆಯಲ್ಲಿ ಗಂಟೆ ನಿಮಿಷಗಳೂ ಇದ್ದವು. ಮೊದಲ ಚೂರು ಹನ್ನೊಂದು ಹತ್ತು. ನಾಲ್ಕು ನಾಲ್ಕು ನಿಮಿಷಕ್ಕೊಂದು. ಐದನೆಯದು ಹನ್ನೊಂದು ಇಪ್ಪತ್ತಾರು. ಆರನೆಯದು ಹನ್ನೊಂದು ಮೂವತ್ತೊಂಬತ್ತು. ನಡುವೆ ಒಂಬತ್ತು ನಿಮಿಷ ಹೆಚ್ಚಾಗಿದೆ. ಆರರಿಂದ ಹನ್ನೆರಡರವರೆಗೆ ಮತ್ತೆ ನಾಲ್ಕು ನಾಲ್ಕು ನಿಮಿಷ, ಒಂದೂ ತಪ್ಪದೆ.

ಒಂಬತ್ತು ನಿಮಿಷ. ಅವಳು ಕೈಯನ್ನು ಕೀಲಿಮಣೆಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಅತ್ತೆಯ ಫೋನಿಗೆ ಮೂರು ನಿಮಿಷ. ಉಳಿದ ಆರು ನಿಮಿಷ ಇಲ್ಲಿ ಕೂತು ಅವನು ಏನು ಮಾಡಿದ? ಅತ್ತನೇ? ಅತ್ತಿದ್ದರೆ ಕ್ಷಮಿಸಬಹುದೇ? ಇದೇ ಕುರ್ಚಿ. ಕುರ್ಚಿಯ ಎಡಗೈ ಸಡಿಲ, ಒರಗಿದರೆ ಕಿರ್ರೆನ್ನುತ್ತದೆ, ಅವನಿಗೂ ಅಂದಿರಬೇಕು. ಆಮೇಲೆ ಇನ್ನೊಂದು ನೆನಪಾಗಿ ಅವಳು ಎದ್ದು ನಿಂತಳು. ಪ್ರತಿ ಚೂರಿನ ಗೆರೆ ಉಳಿಸುವಾಗಲೂ ಯಂತ್ರ ಪಾಸ್‌ವರ್ಡ್ ಕೇಳುತ್ತದೆ. ಅವಳ ಪಾಸ್‌ವರ್ಡ್ ಆಗ ಮಗುವಿಗೆ ಇಡಬೇಕೆಂದಿದ್ದ ಹೆಸರು, ಹೆಣ್ಣಾದರೂ ಗಂಡಾದರೂ ಒಪ್ಪುವಂಥದ್ದು. ಒಂದು ಭಾನುವಾರ ಅವನ ಹೊಟ್ಟೆಯ ಮೇಲೆ ತಲೆಯಿಟ್ಟು ಮಲಗಿ, ನಗುತ್ತ ಅವಳೇ ಹೇಳಿದ್ದಳು. ಐದು ಸಲ ಅದನ್ನು ಒತ್ತಿದ್ದ. ಫೋನು ಬಂತು. ಆಮೇಲೆ ಏಳು ಸಲ.

‘ಅಕ್ಕಾ, ನೀರು ಕೊಡ್ಲಾ?’

‘ಬೇಡ. ಕೆಳಗೆ ಹೋಗಿ ಬರ್ತೀನಿ.’

ಕೋಟಿಂಗ್ ರೂಮಿನ ಹಿರಿಯ ಕೆಲಸಗಾರನನ್ನು ಎಲ್ಲರೂ ನಿರ್ವಾತ ಮಾಮ ಎನ್ನುತ್ತಿದ್ದರು. ಗಾಳಿಯಿಲ್ಲದ ಕಡೆ ಸದ್ದು ಹುಟ್ಟುವುದಿಲ್ಲ, ಈತ ಇದ್ದ ಕಡೆ ಸದ್ದು ನಿಲ್ಲುವುದಿಲ್ಲ; ಅದಕ್ಕೇ ಆ ಹೆಸರು. ಏಣಿಯ ಮೇಲೆ ನಿಂತು ಗೋಡೆಗೆ ಮೊಳೆ ಹೊಡೆಯುವ ಜಾಗ ಗುರುತು ಮಾಡುತ್ತಿದ್ದ. ‘ಬಾರಮ್ಮ, ಸರಿಯಾದ ಹೊತ್ತಿಗೆ ಬಂದೆ. ಇಲ್ಲಿ ಹಾಕಿದ್ರೆ ಗೂಡಿನ ಮೇಲೆ ಕಣ್ಣಿಟ್ಟ ಹಾಗಿರುತ್ತೆ, ಅಲ್ಲಿ ಹಾಕಿದ್ರೆ ಬಾಗಿಲು ಕಾಯೋನ ಹಾಗೆ. ಅವನಿದ್ದಿದ್ರೆ ಅಳತೆ ಪಟ್ಟಿ ತಂದು ನನ್ನ ಪ್ರಾಣ ತಿಂತಿದ್ದ. ನೀನೇ ಹೇಳು.’

‘ಮಾಮ, ನಾನು ಆಸ್ಪತ್ರೆಯಲ್ಲಿದ್ದ ದಿನ ಪಂಪು ಕೆಟ್ಟಿತ್ತಾ?’

ನಿರ್ವಾತ ಮಾಮ ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡ. ಏಣಿಯ ಒಂದು ಮೆಟ್ಟಿಲು ಇಳಿದ. ಏಳು ವರ್ಷದಲ್ಲಿ ಮೊದಲ ಬಾರಿಗೆ ಆ ಕೋಣೆಯಲ್ಲಿ ಯಂತ್ರದ ಸದ್ದು ಮಾತ್ರ ಕೇಳಿಸಿತು.

‘ಯಾರು ಹೇಳಿದ್ರು?’

‘ಯಾರೂ ಹೇಳಲಿಲ್ಲ. ಅದೇ ಕೇಳ್ತಿದ್ದೀನಿ.’

‘ಕೆಟ್ಟಿರಲಿಲ್ಲಮ್ಮ.’ ಇನ್ನೊಂದು ಮೆಟ್ಟಿಲು ಇಳಿದ. ‘ಕೆಟ್ಟದ್ದು ಹನ್ನೆರಡು ಚೂರು. ಬಿಸಿಗಿಟ್ರೆ ಜಾರಿದ್ವು. ಮತ್ತೆ ಮಾಡೋಕೆ ಒಂಬತ್ತು ದಿನ ಬೇಕಾಗಿತ್ತು. ನಾಳೆ ಕಳಿಸ್ಬೇಕು ಅಂತ ಮೇಲಿನಿಂದ ಒಂದೇ ಸಮ. ಅವನ ಕೈಯಲ್ಲಿ ಒಂದೂ ಕೆಟ್ಟಿಲ್ಲ ಅಂತ ಹೆಸರಿತ್ತಲ್ಲ, ಆ ಹೆಸರೇ ಅವನನ್ನ ತಿಂದುಬಿಡ್ತು ನೋಡು.’

‘ನನ್ನ ಹೆಸರಲ್ಲಿ ಯಾಕೆ?’

‘ಅದನ್ನ ಬಿಡಮ್ಮ ಈಗ.’

‘ಯಾಕೆ ಮಾಮ?’

‘ಅವಳ ಗೆರೆ ಅಂದ್ರೆ ಯಾರೂ ಎರಡನೇ ಸಲ ನೋಡಲ್ಲ ಅಂದ.’ ಅವನು ನೆಲಕ್ಕೆ ಇಳಿದು ಏಣಿಯನ್ನು ಮಡಿಸಿದ. ಮತ್ತೆ ಬಿಡಿಸಿದ. ‘ನಿನ್ನನ್ನ ಹೊಗಳಿಯೇ ಅಂದದ್ದು. ನಾನು ಹೇಳಬೇಕಿತ್ತು. ಎಷ್ಟು ಸಲ ಬಾಯಿಗೆ ಬಂತು. ಆಮೇಲೆ ಅವನೇ ಹೋಗಿಬಿಟ್ಟ, ಹೋದೋನ ಮೇಲೆ ಏನು ಹೇಳೋದು ಅಂತ…’

ಮೂರನೆಯ ದಿನ ಗಂಡ ಆಸ್ಪತ್ರೆಗೆ ಬಂದಿದ್ದ. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ತಪ್ಪು ತೂತಿಗೆ ಹಾಕಿಕೊಂಡಿದ್ದ. ಅವಳ ಅಂಗೈ ಬಿಡಿಸಿ ಪುಟ್ಟ ಡಬ್ಬಿ ಇಟ್ಟು ಬೆರಳುಗಳನ್ನು ತಾನೇ ಮಡಿಸಿದ. ಇದರಷ್ಟು ಚೆನ್ನಾಗಿ ಬಂದದ್ದು ಇನ್ನೊಂದಿಲ್ಲ. ಖಾಲಿಯಾಗಿ ಮಲಗಿದವಳ ಕೈಯಲ್ಲಿ ಏನನ್ನಾದರೂ ಇಡಬೇಕೆಂದು ಆ ಮನುಷ್ಯನಿಗೆ ಹೊಳೆಯಿತಲ್ಲ ಎಂದು ಅವಳು ಎರಡು ವರ್ಷ ಕರಗಿದ್ದಳು. ಆ ಚೂರನ್ನು ಎಸೆಯಬಹುದಾಗಿತ್ತು, ಚರಂಡಿಗೆ ಬಿಟ್ಟಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹೆಂಡತಿಯ ಮುಷ್ಟಿಯಷ್ಟು ಭದ್ರವಾದ ಜಾಗ ಇನ್ನೊಂದಿಲ್ಲ ಎಂದುಕೊಂಡನೋ? ಅಥವಾ ಒಂದು ದಿನ ಇವಳು ಅದನ್ನು ಅಳೆಯಲಿ, ಇವಳಿಗೆ ಗೊತ್ತಾಗಲಿ ಎಂದೇ ಕೊಟ್ಟನೋ? ಕೇಳಲು ಅವನಿಲ್ಲ. ವಾಪಸು ಹೋಗುತ್ತ ಮೆಟ್ಟಿಲ ಮೇಲೆ ನಿಂತವಳಿಗೆ ಮೊದಲ ಬಾರಿಗೆ ಅವನು ಸತ್ತದ್ದರ ಮೇಲೆ ಸಿಟ್ಟು ಬಂತು.

ಫೋನು ಗುಂಯ್‌ಗುಟ್ಟಿತು. ಅತ್ತೆ.

‘ಕಟ್ಟು ಹಾಕೋನು ಕೇಳ್ತಿದ್ದಾನೆ ಕಣೇ, ಫೋಟೋಗೆ ಗಾಜು ಹಾಕ್ಲೋ ಬೇಡ್ವೋ ಅಂತ. ಗಾಜಿದ್ರೆ ದೀಪ ಹೊಳೆದು ಮುಖ ಕಾಣಲ್ಲವಂತೆ. ಗಾಜಿಲ್ದಿದ್ರೆ ಧೂಳು. ನಿನಗೆ ಗಾಜಿನ ವಿಷಯ ಗೊತ್ತಲ್ಲ.’

‘ಅತ್ತೆ, ಅವತ್ತು ಆಸ್ಪತ್ರೆಯಿಂದ ನೀವು ಫೋನು ಮಾಡಿದಾಗ ಅವರು ಎಲ್ಲಿದ್ರು?’

ಆ ಕಡೆ ಅಂಗಡಿಯ ಗದ್ದಲ. ಯಾರೋ ಹಲಗೆ ಕುಯ್ಯುತ್ತಿದ್ದರು.

‘ಯಾಕೆ ಈಗ ಅದೆಲ್ಲ?’

‘ಹೇಳಿ ಅತ್ತೆ.’

‘ಆ ಫೋನಿಗೂ ಮುಂಚೆ ಒಂದು ಸಲ ಮಾಡಿದಾಗಲೇ ನಿನ್ನ ಮೇಜಲ್ಲೇ ಇದ್ದೀನಿ ಅಂದ. ನಿನ್ನ ಕೆಲಸ ಬಾಕಿ ಬಿದ್ದಿದೆ, ಮುಗಿಸಿ ಬರ್ತೀನಿ, ಅವಳಿಗೆ ಹೇಳ್ಬೇಡಮ್ಮ, ಸಂಕೋಚ ಪಡ್ತಾಳೆ ಅಂದ. ಹೆಂಡತಿ ಕೆಲಸ ಮಾಡಿಕೊಡೋ ಗಂಡ ಎಷ್ಟು ಜನ ಇರ್ತಾರೆ ಅಂತ ನಾನೂ ಸುಮ್ನಾದೆ. ಪಂಪು ಗಿಂಪು ಅಂತ ನಾನೇ ಸುಳ್ಳು ಹೇಳಿದ್ದು, ಅವನಲ್ಲ.’ ದನಿ ತಗ್ಗಿಸಿ, ‘ತಪ್ಪಾಯ್ತಾ?’ ಎಂದರು.

‘ಗಾಜು ಬೇಡ ಅಂತ ಹೇಳಿ’ ಎಂದಳು. ‘ಮುಖ ಕಾಣ್ಲಿ.’

ಹಾಗಾದರೆ ಎಲ್ಲರಿಗೂ ಒಂದೊಂದು ತುಂಡು ಗೊತ್ತಿತ್ತು. ನಿರ್ವಾತ ಮಾಮನಿಗೆ ಒಂದು, ಅತ್ತೆಗೆ ಒಂದು. ಎಲ್ಲರೂ ತಂತಮ್ಮದನ್ನು ಒಳಗಿಟ್ಟುಕೊಂಡು ಅವಳೊಂದಿಗೆ ಮಾತಾಡಿದ್ದರು, ಊಟ ಮಾಡಿದ್ದರು, ಅವಳ ತಲೆ ಸವರಿದ್ದರು. ಅವಳನ್ನು ಮುಟ್ಟಿದ್ದು ಅಷ್ಟನ್ನು ಬಿಟ್ಟು ಉಳಿದದ್ದೆಲ್ಲ.

ಮೇಜಿಗೆ ಬಂದು ಚೂರನ್ನು ಓವನ್ನಿನಲ್ಲಿಟ್ಟು ಎಪ್ಪತ್ತು ಡಿಗ್ರಿಗೆ ತಿರುಗಿಸಿದಳು. ಬೆಳಗಿನ ಚೂರನ್ನು ಯಾರೂ ಬಿಸಿ ಮಾಡುವುದಿಲ್ಲ, ಅದರ ಅಗತ್ಯವಿಲ್ಲ. ಇದೂ ಜಾರಲಿ ಎಂದು ಕಾದಳು. ಜಾರಿದ್ದರೆ ಅವನು ಪೂರ್ತಿ ಸುಳ್ಳನಾಗಿ, ಬಿಟ್ಟುಬಿಡುವುದು ಸುಲಭವಾಗುತ್ತಿತ್ತು. ಅರ್ಧ ಗಂಟೆಯ ಮೇಲೆ ಗೆರೆ ಎದ್ದಿತು. ನೆತ್ತಿ, ಕುಳಿ, ಎರಡು ಉಬ್ಬು. ಎಲ್ಲಿತ್ತೋ ಅಲ್ಲೇ. ಅವನು ಹೇಳಿದ್ದರಲ್ಲಿ ಅದೊಂದು ನಿಜ. ಅಷ್ಟು ಚೆನ್ನಾಗಿ ಅವನು ಇನ್ನೊಂದನ್ನು ಮಾಡಿರಲಿಲ್ಲ.

ಮೂರೂ ಕಾಲಾಗಿತ್ತು. ಮೊದಲ ದಾಖಲೆಯನ್ನು ತೆರೆದು ಅಳೆದವರು ಎಂಬ ಕಡೆ ತನ್ನ ಹೆಸರನ್ನು ಅಳಿಸಿದಳು. ಅಲ್ಲಿ, ನನ್ನ ಗಂಡ, ಎಂದು ಬರೆದಳು. ಷರಾ ಎಂಬ ಕಡೆ: ಈ ದಿನ ನಾನು ಆಸ್ಪತ್ರೆಯಲ್ಲಿದ್ದೆ. ಈ ಗೆರೆ ಈ ಚೂರಿನದಲ್ಲ. ಉಳಿಸು ಎಂದು ಒತ್ತಿದಳು. ಹಳೆಯ ದಾಖಲೆಯಾದ್ದರಿಂದ ಯಂತ್ರ ಅಂದಿನ ಪಾಸ್‌ವರ್ಡನ್ನೇ ಕೇಳಿತು. ಎರಡು ವರ್ಷದಿಂದ ಬಾಯಲ್ಲೂ ಆಡದ ಹೆಸರು ಅದು, ಅಕ್ಷರ ಮರೆತಿರುತ್ತದೆ ಎಂದುಕೊಂಡಿದ್ದಳು. ಬೆರಳುಗಳು ಮರೆತಿರಲಿಲ್ಲ. ಎರಡನೆಯದು. ಮೂರನೆಯದು. ಕೈ ಒಂದೇ ಲಯದಲ್ಲಿ ಹೋಗುತ್ತಿತ್ತು, ಹೊಲಿಗೆ ಹಾಕುವವರ ಕೈಯ ಹಾಗೆ. ಐದನೆಯದು ಮುಗಿದಾಗ ತಾನು ನಿಂತುಬಿಡುತ್ತೇನೆಂದು, ತನಗೂ ಒಂಬತ್ತು ನಿಮಿಷ ಬೇಕಾಗುತ್ತದೆಂದು ಉಸಿರು ಹಿಡಿದಳು. ಬೇಕಾಗಲಿಲ್ಲ. ಆರನೆಯದನ್ನು ತೆರೆದಳು.

ದೊಡ್ಡವರು ಕನ್ನಡಕ ಹಣೆಗೇರಿಸಿ ಅವಳು ತಂದಿಟ್ಟ ಹಾಳೆಗಳನ್ನು ಓದಿದರು. ಮೂರನೆಯ ಹಾಳೆಗೆ ಬರುವಷ್ಟರಲ್ಲಿ ಓದುವುದನ್ನು ನಿಲ್ಲಿಸಿದ್ದರೂ ಪುಟ ತಿರುಗಿಸುತ್ತಲೇ ಇದ್ದರು.

‘ರಜೆಯಲ್ಲಿದ್ದೆ ನಾನು’ ಎಂದಳು.

‘ಗೊತ್ತು. ರಜೆ ಚೀಟಿಗೆ ಸಹಿ ಹಾಕಿದ್ದು ನಾನೇ.’

‘ಬೆಳಿಗ್ಗೆಯೂ ಗೊತ್ತಿತ್ತಾ ಸರ್?’

ಅವರು ತಟ್ಟೆಯನ್ನು ಬಲಕ್ಕೆ ಸರಿಸಿದರು. ‘ನೋಡಮ್ಮ, ಸತ್ತೋರು ಬಂದು ಉತ್ತರ ಹೇಳೋಕಾಗಲ್ಲ. ಬದುಕಿರೋರು ಹೇಗೋ ತಡ್ಕೋತಾರೆ. ನಿಮ್ಮ ಒಳ್ಳೇದಕ್ಕೇ ಅಂತ ಯೋಚನೆ ಮಾಡಿದ್ದು. ಗಂಡನ ಹೆಸರು ಉಳೀಲಿ ಅಂತ ನಿಮಗೇ ಇರುತ್ತಲ್ವಾ?’

ಅವಳು ಜೇಬಿನಿಂದ ಪುಟ್ಟ ಡಬ್ಬಿಯನ್ನು ತೆಗೆದು ತಟ್ಟೆಯ ಪಕ್ಕ ಇಟ್ಟಳು. ಅವಳ ಮೈಯ ಬಿಸಿ ಇನ್ನೂ ಅದರಲ್ಲಿತ್ತು. ‘ಹದಿಮೂರನೇದು. ಇದನ್ನೂ ಜೊತೆಗೆ ಕಳಿಸಿ. ಗೆರೆ ಇದರದ್ದು ಅಂತ ಅವರೇ ಅಳೆದು ನೋಡ್ಲಿ.’

‘ಶುಕ್ರವಾರ ಫೋಟೋ…’

‘ಹಾಕಿ ಸರ್. ಅವರು ಕೆಲಸ ಮಾಡಿದ ಕೋಣೆ ತಾನೆ.’

ಬಾಗಿಲವರೆಗೆ ಬಂದವಳು ತಿರುಗಿದಳು. ‘ನಾನು ಪ್ಯಾಕಿಂಗಿಗೆ ಹೋಗಲ್ಲ’ ಎಂದಳು. ದನಿ ತನ್ನದೇ ಅನ್ನಿಸಲಿಲ್ಲ. ಅವರು ಡಬ್ಬಿಯನ್ನು ನೋಡುತ್ತಿದ್ದರು.

ಪಕ್ಕದ ಮೇಜಿನವಳು ಮನೆಗೆ ಹೊರಡಲು ಟೊಪ್ಪಿ ಬಿಚ್ಚಿ ಕೂದಲು ಕೊಡವಿಕೊಳ್ಳುತ್ತಿದ್ದಳು. ‘ಏನಂತೆ ಅಕ್ಕ? ಕುರ್ಚಿ ಉಳೀತಾ?’

‘ನಾಳೆ ಬೆಳಿಗ್ಗೆ ನಿನ್ನ ಚೂರು ಸ್ವಲ್ಪ ಕೊಡ್ತೀಯೇನೇ?’

‘ನನ್ನದಾ? ಅದರ ಗೆರೆ ಅಂಕುಡೊಂಕು ಅಕ್ಕ, ನೋಡಿದ್ರೆ ನಿಮಗೆ ನಗು ಬರುತ್ತೆ.’ ಅವಳು ಇವಳ ತೆರೆದ ಖಾನೆಯನ್ನೂ, ಡಬ್ಬಿಯಿದ್ದ ಜಾಗದಲ್ಲಿ ಧೂಳಿಲ್ಲದ ಪುಟ್ಟ ಚೌಕವನ್ನೂ ನೋಡಿದಳು. ನಗು ನಿಂತಿತು. ‘ನಿಮ್ಮದೇನಾಯ್ತು?’

‘ಕೊಟ್ಟುಬಿಟ್ಟೆ.’

ಖಾನೆ ಮುಚ್ಚಿ, ದೀಪ ಆರಿಸಿ, ಕುರ್ಚಿಗೆ ಒರಗಿದಳು. ಅದರ ಎಡಗೈ ಕಿರ್ರೆಂದಿತು.